ಅರ್ಧ ಕೂಗಿಗೊಂದು ಆಕ್ಷೇಪಣೆ

ಬೇಳೆ ಬೆಂದಿರಲಿಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ, ಬೆಳಗ್ಗೆಯಿಂದ ಗಂಟಲಲ್ಲೇ ಸಿಕ್ಕಿಕೊಂಡಿದೆ. ಬೇಳೆಯಲ್ಲ, ಸಿಟ್ಟು. ಬೇಳೆ ಗಂಟಲವರೆಗೂ ಹೋಗಲೇ ಇಲ್ಲ.

ಆಗ ಎಂಟು ಗಂಟೆ. ಹುಣಸೆರಸ ಕುದಿಯುತ್ತಿದೆ, ಸಾರಿನಪುಡಿ ಬಿದ್ದಾಗಿದೆ, ಚೂರು ಬೆಲ್ಲವೂ ಕರಗಿದೆ. ಮಗಳ ಡಬ್ಬಿ, ಗಂಡನ ಡಬ್ಬಿ, ನನ್ನ ಡಬ್ಬಿ ಮೂರೂ ಕಟ್ಟೆಯ ಮೇಲೆ ಬಾಯಿ ತೆರೆದು ಕೂತಿವೆ. ಇನ್ನೇನು ಬೇಳೆ ಸುರಿದು, ಒಂದು ಕುದಿ ಬರಿಸಿ, ಒಗ್ಗರಣೆ ಕೊಟ್ಟರೆ ಮುಗಿಯಿತು. ಕುಕ್ಕರ್ ತೆಗೆದು ಸೌಟಿನ ಬೆನ್ನಿನಿಂದ ಬೇಳೆಯನ್ನು ಒತ್ತಿದೆ. ಟಕ್ ಅಂದಿತು. ಬೆಂದ ಬೇಳೆ ಟಕ್ ಅನ್ನಬಾರದು, ಅಲ್ವಾ?

“ಮಾವ, ಎಷ್ಟು ಕೂಗಿತ್ತು?”

“ನಾಲ್ಕು. ಸರಿಯಾಗಿ ನಾಲ್ಕು,” ಅಂತ ಹಾಲಿನಿಂದ ಉತ್ತರ ಬಂತು. ಪೇಪರಿನ ಹಿಂದಿನಿಂದ ಬಂದ ದನಿ. ಅದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ.

ನಾನು ಸ್ನಾನಕ್ಕೆ ಹೋಗಿದ್ದಾಗ ಎಣಿಸಿದವರು ಮಾವ, ಅವರ ಆದೇಶದ ಮೇಲೆ ಒಲೆ ಆರಿಸಿದವರು ನನ್ನ ಗಂಡ. ಅಡುಗೆಮನೆಯಲ್ಲಿ ನೀರಿನ ಬಾಟಲಿ ತುಂಬಿಸುತ್ತಿದ್ದ ಮಗಳು ಮಾತ್ರ ನಿಜ ಹೇಳಿದಳು. “ನಮ್ದು ಒಂದೇ ಸಲ ಕೂಗಿದ್ದಮ್ಮಾ. ಮಿಕ್ಕಿದ್ದು ಪಕ್ಕದ್ಮನೇದು.” ಹಾಗಾದರೆ ಆಗಲೇ ಯಾಕೆ ಹೇಳಲಿಲ್ಲ ಅಂದರೆ, “ತಾತ ಎಣಿಸ್ತಿದ್ರಲ್ಲ” ಅಂದಳು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರ ಯುಟಿಲಿಟಿಯೂ ಒಂದೇ ಡಕ್ಟಿಗೆ ತೆರೆದುಕೊಂಡಿದೆ. ಮನೆಯೊಳಗೆ ಗಾಳಿ ಬರಲಿ ಅಂತ ಕಟ್ಟಿದ ಪುಣ್ಯಾತ್ಮರು ಬಿಟ್ಟ ಜಾಗ. ಗಾಳಿ ಬರಲಿಲ್ಲ, ಕೂಗು ಬಂತು. ಬೆಳಗ್ಗೆ ಏಳೂವರೆಯಿಂದ ಎಂಟೂವರೆವರೆಗೆ ನಮ್ಮ ಡಕ್ಟಿನಲ್ಲಿ ನಡೆಯುವುದು ಒಂದು ಸಮ್ಮೇಳನ. ಕೆಳಗಿನ ಮನೆಯವರದು ಕೂಡುಕುಟುಂಬ, ಕುಕ್ಕರೂ ದೊಡ್ಡದು, ದನಿಯೂ ದಪ್ಪ. ಮೇಲಿನ ಮನೆಯ ಹೊಸ ಜೋಡಿಯದು ಪುಟ್ಟ ಕುಕ್ಕರ್, ಕಿರಿಚಾಟ ಜಾಸ್ತಿ. ಯಾರ ಮನೆಯಲ್ಲಾದರೂ ಹುರುಳಿಕಾಳು ಬೇಯಿಸುವ ದಿನವಂತೂ ಕೂಗಿಗೆ ಕೊನೆಯೇ ಇಲ್ಲ. ಈ ಗದ್ದಲದಲ್ಲಿ ನಮ್ಮ ಕುಕ್ಕರನ್ನು ದನಿಯಿಂದಲೇ ಗುರುತು ಹಿಡಿಯುತ್ತೇನೆ ಅನ್ನುವುದು ನಮ್ಮ ಮಾವನ ವಾದ.

ಮಾವ ಆಡಿಟ್ ಕೆಲಸದಲ್ಲಿದ್ದು ನಿವೃತ್ತರಾದವರು. ಕೆಲಸದಿಂದ ಅವರು ನಿವೃತ್ತರಾದರು, ಅವರಿಂದ ಆಡಿಟ್ ನಿವೃತ್ತವಾಗಲಿಲ್ಲ. ಮೊದಮೊದಲು ಹಾಲಿನವನ ಲೆಕ್ಕ, ಪೇಪರಿನವನ ಲೆಕ್ಕ ನೋಡಿದರು. ಹಾಲು, ಪೇಪರಿನ ಲೆಕ್ಕವೆಲ್ಲ ಮೊಬೈಲಿಗೆ ಹೋದ ಮೇಲೆ ಅವರಿಗೆ ಮನೆಯಲ್ಲಿ ಉಳಿದ ಏಕೈಕ ವಹಿವಾಟು ಅಂದರೆ ಕುಕ್ಕರ್. ಒಂದು ದಿನ ನಾನು ಸುಮ್ನೆ, “ಮಾವ, ಸ್ವಲ್ಪ ಕೂಗು ನೋಡ್ಕೋತೀರಾ?” ಅಂದೆ. ಅಂದಿನಿಂದ ಅದು ಅವರ ಇಲಾಖೆ.

ಅಡುಗೆಮನೆ ಬಾಗಿಲ ಪಕ್ಕ ಒಂಟಿಕೊಪ್ಪಲ್ ಪಂಚಾಂಗದ ಕ್ಯಾಲೆಂಡರ್ ಇದೆ. ಹೆಚ್ಚಿನ ಮನೆಗಳಲ್ಲಿ ಅದರ ಮೇಲೆ ಸಿಲಿಂಡರ್ ಬಂದ ತಾರೀಕು ಇರುತ್ತದೆ. ನಮ್ಮಲ್ಲಿ ಏಕಾದಶಿ, ಸಂಕಷ್ಟಿಗಳ ಪಕ್ಕದಲ್ಲೇ ಪೆನ್ಸಿಲಿನಲ್ಲಿ 7.42, 7.46, 7.47 ಅಂತ ಬರೆದಿರುತ್ತದೆ. ಆ 7.47ರ ಮುಂದೆ ಪುಟ್ಟದಾಗಿ ಒಂದು ಷರಾ: ‘ಅರೆ. ಸ್ಪಷ್ಟವಿಲ್ಲ.’

ಈ ಅರ್ಧ ಕೂಗಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ನಮ್ಮ ಮನೆಯ ನೆಮ್ಮದಿ ಅದರ ಮೇಲೆ ನಿಂತಿದೆ.

ಕುಕ್ಕರ್ ಒಮ್ಮೊಮ್ಮೆ ಪೂರ್ತಿ ಕೂಗುವುದಿಲ್ಲ. ‘ಉಸ್ಸ್’ ಅಂತ ಶುರುಮಾಡಿ, ವೆಯ್ಟು ಒಂದಿಷ್ಟು ಅಲುಗಾಡಿ, ಮನಸ್ಸು ಬದಲಾಯಿಸಿ ಸುಮ್ಮನಾಗುತ್ತದೆ. ಇದು ಕೂಗೋ ಅಲ್ಲವೋ? ನನ್ನ ಗಂಡನ ಪ್ರಕಾರ ಕೂಗು. ಹಬೆ ಹೊರಗೆ ಬಂತು, ಸದ್ದು ಬಂತು, ಇನ್ನೇನು ಬೇಕು? ಮಾವನ ಪ್ರಕಾರ ಅಲ್ಲ. ಅದು ಉಸಿರು. ಉಸಿರನ್ನು ಕೂಗು ಅಂತ ಲೆಕ್ಕಕ್ಕೆ ಹಿಡಿದರೆ ನಾಳೆ ಕೆಮ್ಮನ್ನೂ ಹಿಡಿಯಬೇಕಾಗುತ್ತದೆ.

ಹೋದ ಭಾನುವಾರ ಇದರ ಮೇಲೆ ಪೂರ್ಣಪ್ರಮಾಣದ ಚರ್ಚೆ ನಡೆಯಿತು. ಅವರೆಕಾಳು ಒಲೆಯ ಮೇಲಿತ್ತು. ಎರಡು ಕೂಗು ಒಪ್ಪಿತವಾಗಿತ್ತು. ಮೂರನೆಯದು ಉಸ್ಸ್ ಅಂದು ನಿಂತಿತು.

“ಮೂರು,” ಅಂದರು ನನ್ನ ಗಂಡ, ಕಿವಿಯಿಂದ ಹೆಡ್‌ಫೋನ್ ತೆಗೆಯದೆ.

“ಎರಡೂವರೆ,” ಅಂದರು ಮಾವ.

“ಅಪ್ಪಾ, ಎರಡೂವರೆ ಅಂತ ಎಲ್ಲಾದ್ರೂ ಇರುತ್ತಾ?”

“ಯಾಕಿರಲ್ಲ? ಅರ್ಧ ದಿನ ರಜೆ ಇಲ್ವಾ?”

“ರಜೆ ಬೇರೆ, ಕೂಗು ಬೇರೆ.”

“ಹಾಗಂದ್ರೆ ಇದನ್ನ ಬಾಕಿ ಇಡ್ತೀನಿ. ಇನ್ನೊಂದು ಅರ್ಧ ಬಂದ್ರೆ ಎರಡೂ ಸೇರಿಸಿ ಒಂದು ಮಾಡೋಣ.”

ಇಬ್ಬರೂ ಕುಕ್ಕರಿನ ಮುಂದೆ ಬಂದು ನಿಂತರು, ಇನ್ನೊಂದು ಅರ್ಧಕ್ಕಾಗಿ. ಕುಕ್ಕರು ಸುಮ್ಮನೆ ನಿಂತಿತು. ನೋಡುತ್ತಿರುವಾಗ ಅದು ಯಾವತ್ತೂ ಕೂಗುವುದಿಲ್ಲ. ನಾನು ಬಂದು ಉರಿ ಜಾಸ್ತಿ ಮಾಡಿದೆ. ತಕ್ಷಣ ಪೂರ್ತಿ ಒಂದು ಕೂಗು ಹೊಡೆಯಿತು. ಈಗ ಹೊಸ ಸಮಸ್ಯೆ. ಇದು ಮೂರನೆಯದೋ, ಮೂರೂವರೆಯೋ? ಉರಿ ಜಾಸ್ತಿ ಮಾಡಿ ಬರಿಸಿದ ಕೂಗು ನ್ಯಾಯವಾದದ್ದೋ ಅಲ್ಲವೋ? ಮಾವ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, “ಇದರಲ್ಲಿ ಹೊರಗಿನವರ ಕೈವಾಡ ಇದೆ” ಅಂದರು. ಹೊರಗಿನವರು ಅಂದರೆ ನಾನು. ಅಡುಗೆ ಮಾಡುತ್ತಿದ್ದವಳು.

ಅವರೆಕಾಳು ಅಷ್ಟರಲ್ಲಿ ಬೆಂದು, ಕರಗಿ, ಸಿಪ್ಪೆ ಒಂದು ಕಡೆ ಕಾಳು ಒಂದು ಕಡೆಯಾಗಿತ್ತು. ಅದಕ್ಕೆ ಯಾರ ಆಕ್ಷೇಪಣೆಯೂ ಇರಲಿಲ್ಲ. ಬೆಂದಿದೆಯೋ ಇಲ್ಲವೋ ನೋಡುವುದು ಅವರ ಇಲಾಖೆಗೆ ಬರುವುದಿಲ್ಲ.

ಇನ್ನೊಂದಿದೆ. ಮಾವ ಮನಸ್ಸಿನಲ್ಲೇ ಎಣಿಸುವವರಲ್ಲ. ಪ್ರತಿ ಕೂಗಿಗೂ ಯುಟಿಲಿಟಿ ಬಾಗಿಲ ತನಕ ಬಂದು, ಕೋರ್ಟಿನ ದಲಾಯತ್ ಹೆಸರು ಕರೆಯುವಂತೆ “ಒಂದಾಯ್ತು!” “ಎರಡಾಯ್ತು!” ಅಂತ ಘೋಷಿಸುತ್ತಾರೆ. ಕುಕ್ಕರಿನ ಕೂಗಿಗಿಂತ ಇದು ದೂರ ಕೇಳಿಸುತ್ತದೆ. ಅತ್ತೆ ಆ ಹೊತ್ತಿಗೆ ವಾಕಿಂಗ್ ಹೋಗಿಬಿಟ್ಟಿರುತ್ತಾರೆ. ಜಾಣರು. “ನೀವೇನೂ ಹೇಳಲ್ವಾ ಅತ್ತೆ?” ಅಂದರೆ, “ಅವ್ರು ಆಫೀಸಿಗೆ ಹೋಗ್ತಿದ್ದಾಗ ನಾನು ನೆಮ್ಮದಿಯಾಗಿ ಬೇಯಿಸ್ಕೊಂಡೆ ಕಣೇ. ನಿನ್ನ ಹಣೇಬರಹ ನಿಂದು” ಅಂದರು.

ನಿಜ ಹೇಳಬೇಕೆಂದರೆ ಇಡೀ ಲೆಕ್ಕವೇ ದಂಡ. ಕೂಗು ಅಂದರೆ ಏನು? ಒಳಗಿನ ಹಬೆಯ ಒತ್ತಡ ಹೊರಗಿನದಕ್ಕಿಂತ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋದಷ್ಟು ಜಾಸ್ತಿಯಾದಾಗ ವೆಯ್ಟು ಮೇಲೇಳುತ್ತದೆ. ಹಬೆ ನುಗ್ಗುತ್ತದೆ, ಒತ್ತಡ ಇಳಿಯುತ್ತದೆ, ವೆಯ್ಟು ಮತ್ತೆ ಕೂರುತ್ತದೆ. ಅಷ್ಟೇ ಕಥೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿಟ್ಟ ನೀರು 97 ಡಿಗ್ರಿ ಆಸುಪಾಸಿಗೇ ಕುದಿದುಬಿಡುತ್ತದೆ, ಅದಕ್ಕಿಂತ ಬಿಸಿಯಾಗುವುದಿಲ್ಲ. ಕುಕ್ಕರಿನೊಳಗೆ ಮಾತ್ರ ಬಿಸಿ 120ರ ಹತ್ತಿರ ಹೋಗುತ್ತದೆ. ಬೇಳೆ ಬೇಯುವುದು ಆ ಬಿಸಿಗೆ, ಅದರಲ್ಲಿ ಕಳೆದ ಹೊತ್ತಿಗೆ. ಹೊರಗೆ ಎಷ್ಟು ಸಲ ಸದ್ದಾಯಿತು ಅನ್ನುವುದು ಬೇಳೆಗೆ ಗೊತ್ತೇ ಇಲ್ಲ. ಉರಿ ದೊಡ್ಡದಿದ್ದರೆ ನಾಲ್ಕು ಕೂಗು ಒಂದರ ಹಿಂದೊಂದು ಓಡಿ ಬರುತ್ತವೆ, ಬೇಳೆ ಇನ್ನೂ ಗಟ್ಟಿ. ಉರಿ ಸಣ್ಣದಿದ್ದರೆ ಎರಡನೆಯದು ಬರುವಷ್ಟರಲ್ಲಿ ಬೇಳೆ ಗಂಜಿ.

ಕುಕ್ಕರಿನ ಜೊತೆ ಬರುವ ಪುಸ್ತಕದಲ್ಲೂ ಇದನ್ನೇ ಹೇಳಿರುತ್ತಾರೆ. ಒತ್ತಡ ಬಂದ ಮೇಲೆ ಉರಿ ತಗ್ಗಿಸಿ, ಇಷ್ಟು ನಿಮಿಷ ಬಿಡಿ ಅಂತ. ನಿಮಿಷ. ಕೂಗಲ್ಲ. ಆ ಪುಸ್ತಕವನ್ನು ಓದಿದ ಒಬ್ಬರನ್ನೂ ನಾನು ಕಂಡಿಲ್ಲ. ನಮ್ಮನೇದು ಎಣ್ಣೆ ಡಬ್ಬಿಯ ಕೆಳಗಿದೆ, ಜಿಡ್ಡು ಹೀರಿಕೊಳ್ಳಲು.

1679ರಲ್ಲಿ ಲಂಡನ್ನಿನಲ್ಲಿದ್ದ ಡೆನಿಸ್ ಪಾಪಿನ್ ಅನ್ನುವ ಫ್ರೆಂಚ್ ವಿಜ್ಞಾನಿ ಇಂಥ ಪಾತ್ರೆಯನ್ನು ಮೊದಲು ಮಾಡಿ ತೋರಿಸಿದ. ಅವನು ಬೇಯಿಸಲು ಹೊರಟದ್ದು ಮೂಳೆ, ಪಾಪ. ಪಾತ್ರೆ ಸಿಡಿದು ಯಾರ ಪ್ರಾಣವೂ ಹೋಗದಿರಲಿ ಅಂತ ಒತ್ತಡ ಹೊರಗೆ ಬಿಡುವ ಒಂದು ಕವಾಟವನ್ನೂ ಇಟ್ಟ. ನಮ್ಮ ವೆಯ್ಟು ಅದರದೇ ವಂಶ. ಪ್ರಾಣ ಉಳಿಸಲು ಮಾಡಿದ ವ್ಯವಸ್ಥೆಯನ್ನು ನಾವು ಗಡಿಯಾರ ಮಾಡಿಕೊಂಡೆವು. ಇದನ್ನೆಲ್ಲ ಒಂದು ದಿನ ಮಾವನಿಗೆ ಕೂತು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. ತಲೆಯಾಡಿಸಿದರು. “ಎಲ್ಲ ಸರಿ ಕಣಮ್ಮಾ. ಹಾಗಾದ್ರೆ ಎಷ್ಟು ಕೂಗು ಅಂತ ಬರ್ಕೊಳ್ಲಿ?”

ಮಾವನೊಬ್ಬರನ್ನೇ ಬೈದು ಪ್ರಯೋಜನವಿಲ್ಲ. ನಾಡಿಗೆ ನಾಡೇ ಈ ಲೆಕ್ಕದಲ್ಲಿದೆ. ಯಾರನ್ನು ಅಡುಗೆ ಕೇಳಿದರೂ ಉಪ್ಪು, ಖಾರ ಎಲ್ಲ ‘ಅಂದಾಜು’, ಕೂಗು ಮಾತ್ರ ಖಚಿತ. ಮೈಸೂರಿನ ನಾದಿನಿ, “ಎರಡು ಕೂಗು ಸಾಕತ್ತಿಗೆ, ಮೂರಾದ್ರೆ ಕರಗೋಗುತ್ತೆ” ಅನ್ನುತ್ತಾಳೆ. ಆಫೀಸಿನ ಹುಬ್ಬಳ್ಳಿ ಗೆಳತಿ, “ಐದಾರು ಸೀಟಿ ಹೊಡಸ್ರಿ, ಏನಾಗಂಗಿಲ್ಲ” ಅನ್ನುತ್ತಾಳೆ. ಒಬ್ಬಳದು ಮೂರು ಲೀಟರಿನ ಸ್ಟೀಲ್ ಕುಕ್ಕರ್, ಇಂಡಕ್ಷನ್ ಒಲೆ. ಇನ್ನೊಬ್ಬಳದು ಐದು ಲೀಟರಿನ ಅಲ್ಯೂಮಿನಿಯಂ, ಗ್ಯಾಸು. ಇಬ್ಬರೂ ತಮ್ಮ ತಮ್ಮ ಮನೆಗೆ ಸರಿ. ನಾನು ಇಬ್ಬರ ಮಾತೂ ಕೇಳಿ ನಾಲ್ಕಕ್ಕೆ ಒಪ್ಪಂದ ಮಾಡಿಕೊಂಡಿದ್ದೇನೆ. ಮಂಗಳೂರಿನ ಗೆಳತಿಯದು ಬೇರೆಯೇ ದಾರಿ. “ತೆಂಗಿನಕಾಯಿ ಅರೆದು ಹಾಕು ಮಾರಾಯ್ತಿ, ಬೇಳೆ ಬೇಯದಿದ್ದರೂ ಗೊತ್ತಾಗುವುದಿಲ್ಲ.”

ಬೇಳೆಗೂ ಅದರದೇ ಸ್ವಭಾವ ಇದೆ. ಗೆಳತಿಯೊಬ್ಬಳು ಊರಿಗೆ ಹೋದಾಗಲೆಲ್ಲ ಕಲಬುರಗಿಯ ತೊಗರಿಬೇಳೆ ತಂದುಕೊಡುತ್ತಾಳೆ. 2019ರಲ್ಲಿ ಜಿಐ, ಅಂದರೆ ಆ ಊರಿನದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಬೇಳೆ ಅದು. ಕಾವೇರಿ ನೀರು ಬರುವ ದಿನ ಅದು ಬೆಣ್ಣೆ. ಟ್ಯಾಂಕರ್ ನೀರು ಬಂದ ದಿನ ಅದೇ ಬೇಳೆ, ಅದೇ ಕುಕ್ಕರ್, ಬೇಯುವುದಿಲ್ಲ. ಬೋರಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಬೇಳೆಯೊಳಗಿನ ಪೆಕ್ಟಿನ್ ಅನ್ನುವ ಅಂಟಿನ ಜೊತೆ ಸೇರಿಕೊಂಡು ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಹುಣಸೆಹುಳಿ ಮೊದಲೇ ಬಿದ್ದರೂ ಇದೇ ಗತಿ, ಅದಕ್ಕೇ ಹುಳಿಯನ್ನು ಬೇಳೆ ಬೆಂದ ಮೇಲೆ ಹಾಕುವುದು. ಬೇಳೆ ಹಳತಾದರಂತೂ ಅದಕ್ಕೆ ಯಾರ ಮಾತೂ ನಾಟುವುದಿಲ್ಲ. ಇನ್ನು ಕೆಳಗಿನ ಡಬ್ಬಿಯಲ್ಲಿ ಬೇಳೆ, ಮೇಲಿನ ಡಬ್ಬಿಯಲ್ಲಿ ಅಕ್ಕಿ ಇಟ್ಟು ಎರಡಕ್ಕೂ ಒಂದೇ ಲೆಕ್ಕ ಅನ್ನುವುದು ನಾವು ಮಾಡುವ ಇನ್ನೊಂದು ಅನ್ಯಾಯ. ಬೇಳೆ ಬೇಯುವ ಹೊತ್ತಿಗೆ ಅನ್ನ ಮುದ್ದೆ. ಅನ್ನ ಉದುರಾಗಿದ್ದರೆ ಬೇಳೆ ಟಕ್. ಇದಕ್ಕೆಲ್ಲ ಕ್ಯಾಲೆಂಡರಿನಲ್ಲಿ ಕಾಲಂ ಇಲ್ಲ.

ಕುಕ್ಕರಿನ ಬೇರೆ ಕಾಟಗಳನ್ನು ನಾನು ಹೇಳಲು ಹೋಗುವುದಿಲ್ಲ, ನಿಮ್ಮ ಮನೆಯಲ್ಲೂ ಇರುವವೇ. ಸಡಿಲವಾದ ಗ್ಯಾಸ್ಕೆಟ್ಟನ್ನು ಫ್ರೀಜರಿನಲ್ಲಿ ಇಡುವುದು. ಆತುರದಲ್ಲಿ ಮುಚ್ಚಳ ಹಾಕುವಾಗಲೇ ವೆಯ್ಟು ಕಾಣೆಯಾಗುವುದು, ಆಮೇಲೆ ಅದು ಸಿಂಕಿನಲ್ಲಿ ಬೋಸಿಯ ಕೆಳಗೆ ಸಿಗುವುದು. ನನ್ನ ಗಂಡ ಒಮ್ಮೆ ಉತ್ಸಾಹದಿಂದ ಕುಕ್ಕರಿನ ಮುಕ್ಕಾಲು ಭಾಗ ಬೇಳೆ, ನೀರು ತುಂಬಿಸಿಟ್ಟಿದ್ದರು. ನೊರೆ ಉಕ್ಕಿ ವೆಯ್ಟಿನ ತೂತಿನಿಂದ ಕಾರಂಜಿ ಎದ್ದಿತು. ಚಾವಣಿಯ ಮೇಲಿನ ಆ ಅರಿಶಿನದ ಕಲೆ ನೋಡಿ ಮನೆ ಓನರ್ರು, “ಮೇಲಿನವರ ಬಾತ್‌ರೂಮ್ ಲೀಕಾ?” ಅಂತ ಕೇಳಿದರು. ಹೌದು ಅಂದುಬಿಟ್ಟರು ನನ್ನ ಗಂಡ. ಪಾಪ, ಮೇಲಿನ ಹೊಸ ಜೋಡಿ ಪ್ಲಂಬರ್ ಕರೆಸಿತು.

ಅಮ್ಮನ ಮನೆಯಲ್ಲಿ ಕೂಗು ಎಣಿಸಿದವರನ್ನು ನಾನು ನೋಡಲೇ ಇಲ್ಲ. ತಿಪಟೂರಿನ ಆ ಅಡುಗೆಮನೆಯಲ್ಲಿ ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಇದ್ದಕ್ಕಿದ್ದಂತೆ ಒಳಗೆ ಬಂದು ಒಲೆ ಆರಿಸುತ್ತಿದ್ದಳು. ಹೇಗೆ ಗೊತ್ತಾಯಿತು ಅಂದರೆ, “ವಾಸನೆ ಬಂತಲ್ಲ” ಅನ್ನುತ್ತಿದ್ದಳು. ನಮಗಾರಿಗೂ ಬಂದಿರುತ್ತಿರಲಿಲ್ಲ. ಅಪ್ಪ ಹೋದ ಮೇಲೆ ಅಮ್ಮ ಆ ಐದು ಲೀಟರಿನ ಕುಕ್ಕರನ್ನು ಅಟ್ಟಕ್ಕೆ ಹಾಕಿ ಎರಡು ಲೀಟರಿನದು ತೆಗೆದುಕೊಂಡಳು. ಸಂಜೆ ಫೋನ್ ಮಾಡಿದಾಗ ಒಂದೊಂದು ಸಲ ಹಿಂದೆ ಅದು ಕೂಗುವುದು ಕೇಳಿಸುತ್ತದೆ. ಕೂಗೂ ಸಣ್ಣದು. “ಕುಕ್ಕರ್ ನೋಡಮ್ಮ” ಅಂದರೆ, “ಇರ್ಲಿ ಬಿಡು, ಒಬ್ಬಳಿಗೆ ಎಷ್ಟು ಬೆಂದ್ರೇನು, ನೀನು ಮಾತಾಡು” ಅನ್ನುತ್ತಾಳೆ. ನಾನು ಮಾತಾಡುತ್ತಾ ಈ ಕಡೆಯಿಂದ ಎಣಿಸುತ್ತಿರುತ್ತೇನೆ. ಮಾವನ ಸಹವಾಸ.

ಇರಲಿ, ಇವತ್ತಿನ ವಿಷಯಕ್ಕೆ ಬರುತ್ತೇನೆ. ಬೇಯದ ಬೇಳೆಯನ್ನು ಮತ್ತೆ ಕುಕ್ಕರಿಗೆ ಹಾಕಿ ಕೂಗಿಸುವಷ್ಟು ಹೊತ್ತಿರಲಿಲ್ಲ. ಬರೀ ತಿಳಿಸಾರಿಗೆ ಒಗ್ಗರಣೆ ಹಾಕಿ ಡಬ್ಬಿ ತುಂಬಿದೆ. ಮಧ್ಯಾಹ್ನ ಆಫೀಸಿನಲ್ಲಿ ನನ್ನ ಡಬ್ಬಿ ತೆಗೆದಾಗ ಹುಬ್ಬಳ್ಳಿಯವಳು ಇಣುಕಿ ನೋಡಿ, “ಎಷ್ಟು ಸೀಟಿ ಹೊಡಿಸಿದ್ರಿ?” ಅಂದಳು. ನಾನು ಉತ್ತರ ಕೊಡಲಿಲ್ಲ.

ಸಂಜೆ ಮನೆಯಲ್ಲಿ ಸಭೆ ಕರೆದೆ. ನನ್ನ ಗಂಡನ ಹತ್ತಿರ ಪರಿಹಾರ ಸಿದ್ಧವಿತ್ತು. ಕರೆಂಟಿನ ಪ್ರೆಶರ್ ಕುಕ್ಕರ್. ನಿಮಿಷ ಒತ್ತಿಬಿಟ್ಟರೆ ಆಯಿತು, ಅದೇ ಬೇಯಿಸುತ್ತದೆ, ಅದೇ ನಿಲ್ಲುತ್ತದೆ. ಮೊಬೈಲಿನಲ್ಲಿ ಚಿತ್ರವನ್ನೂ ತೋರಿಸಿದರು. ಮಾವ ಕನ್ನಡಕ ಸರಿಮಾಡಿಕೊಂಡು ತುಂಬಾ ಹೊತ್ತು ನೋಡಿದರು.

“ಎಷ್ಟು ಸಲ ಕೂಗುತ್ತೆ?”

“ಕೂಗಲ್ಲಪ್ಪಾ. ಅದೇ ಅನುಕೂಲ.”

“ಕೂಗಲ್ವಾ?”

“ಕೂಗಲ್ಲ. ಕೊನೇಲಿ ಬೀಪ್ ಅನ್ನುತ್ತೆ.”

“ಎಷ್ಟು ಸಲ?”

ಅಷ್ಟರಲ್ಲಿ ಬಾಗಿಲ ಬೆಲ್ಲಾಯಿತು. ಪಕ್ಕದ ಮನೆಯವಳು, ಕೈಯಲ್ಲಿ ಮುಚ್ಚಿದ ಸ್ಟೀಲ್ ಪಾತ್ರೆ. ಬೆಳಗ್ಗೆ ಮಾಡಿದ ಹುಳಿ ಉಳಿದಿತ್ತಂತೆ, ಕೊಟ್ಟು ಹೋಗೋಣ ಅಂತ ಬಂದಳಂತೆ. ನುಗ್ಗೇಕಾಯಿ ಹುಳಿ. ಕೊಟ್ಟವಳು ನನ್ನನ್ನು ಬಿಟ್ಟು ಮಾವನ ಕಡೆ ತಿರುಗಿದಳು.

“ಅಂಕಲ್, ತುಂಬಾ ಉಪಕಾರ ಆಗ್ತಿದೆ ನಿಮ್ಮಿಂದ. ನಾನು ಬೆಳಗ್ಗೆ ಮಗೂಗೆ ಸ್ನಾನ ಮಾಡಿಸ್ತಿರ್ತೀನಿ, ಇವ್ರಿಗೆ ಲೆಕ್ಕ ಇಡಕ್ಕೆ ಬರಲ್ಲ. ನೀವು ಡಕ್ಟ್ ಹತ್ರ ನಾಲ್ಕಾಯ್ತು ಅಂತೀರಲ್ಲ, ಅದನ್ನ ಕೇಳ್ಕೊಂಡೇ ನಾವೂ ಆರ್ಸೋದು.”

ಮಾವ ಎದ್ದು ನಿಂತರು. ಅಷ್ಟು ವರ್ಷ ಕೆಲಸ ಮಾಡಿದ್ದಕ್ಕೆ ಇಲಾಖೆಯಲ್ಲಿ ಸಿಗದ ಮನ್ನಣೆ ಅವರಿಗೆ ಹೊಸ್ತಿಲಲ್ಲಿ ಸಿಕ್ಕಿತ್ತು. “ಅದರಲ್ಲೇನಿದೆಯಮ್ಮಾ, ಕರ್ತವ್ಯ” ಅಂದರು. ನಾಳೆಯಿಂದ ಅವರ ಮನೆಯದಕ್ಕೆ ಕ್ಯಾಲೆಂಡರಿನಲ್ಲಿ ಬೇರೆ ಬಣ್ಣದ ಪೆನ್ಸಿಲ್ ಬಳಸುವುದಾಗಿಯೂ ಹೇಳಿದರು.

ರಾತ್ರಿ ಊಟಕ್ಕೆ ಆ ಹುಳಿಯನ್ನೇ ಬಿಸಿ ಮಾಡಿದೆ. ಬೇಳೆ ಎಲ್ಲಿದೆ ಅಂತ ಹುಡುಕಬೇಕು, ಅಷ್ಟು ಹದವಾಗಿ ಬೆಂದು ರಸದಲ್ಲಿ ಬೆರೆತಿತ್ತು. ಮಾವ ಎರಡನೇ ಸಲ ಬಡಿಸಿಕೊಂಡು, ಬೆರಳು ಚಪ್ಪರಿಸಿ, ನನ್ನ ಕಡೆ ನೋಡಿದರು.

“ನೋಡಮ್ಮಾ, ಲೆಕ್ಕ ಸರಿಯಾಗಿದ್ರೆ ಬೇಳೆ ಹಿಂಗಿರುತ್ತೆ.”